ಗಂಟಲ ಬುಡದ ಥೈರಾಯ್ಡ್

ಜೊಲ್ಲು, ಬೆವರಿನ ಗ್ರಂಥಿಗಳಿಗೆ ನಾಳಗಳಿವೆ. ಪಿಟ್ಯುಟರಿ, ಥೈರಾಯ್ಡ್, ಅಡ್ರಿನಲ್ ಮೊದಲಾದವಕ್ಕೆ ಇಲ್ಲ. ಹಾರ್ಮೋನನ್ನು ನೇರ ರಕ್ತಕ್ಕೇ ಬಿಡುವ ಇವು ನಿರ್ನಾಳ ಗ್ರಂಥಿಗಳು.

ಉಗುಳು ನುಂಗಿದಾಗ ಥೈರಾಯ್ಡ್ ಮೇಲೆ ಸರಿದು ಕೆಳಗಿಳಿಯುತ್ತದೆ. ವೈದ್ಯರು ಕುತ್ತಿಗೆ ಮುಟ್ಟಿ ‘ಒಮ್ಮೆ ನುಂಗಿ’ ಎನ್ನುವುದು ಅದಕ್ಕೇ. ಶ್ವಾಸನಾಳದ ಮುಂದೆ ಚಿಟ್ಟೆಯಂತೆ ರೆಕ್ಕೆ ಚಾಚಿರುವ ಈ ಗ್ರಂಥಿಯ ತೂಕ ವಯಸ್ಕರಲ್ಲಿ ಸುಮಾರು 20 ಗ್ರಾಂ. ಇದು ಸ್ರವಿಸುವ ಥೈರಾಕ್ಸಿನ್‌ನ ಪ್ರತಿ ಅಣುವಿನಲ್ಲೂ 4 ಅಯೋಡಿನ್ ಪರಮಾಣುಗಳಿವೆ. ಎದೆಬಡಿತದ ವೇಗ, ಮೈಯ ಬಿಸಿ, ಮಗುವಿನ ಮಿದುಳಿನ ಬೆಳವಣಿಗೆ ಎಲ್ಲಕ್ಕೂ ಈ ಹಾರ್ಮೋನು ಬೇಕು.

ಅಯೋಡಿನ್ ಸಾಲದಿದ್ದರೆ ಥೈರಾಕ್ಸಿನ್ ಇಳಿಯುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಅದನ್ನು ಗ್ರಹಿಸಿ, ಥೈರಾಯ್ಡನ್ನು ದುಡಿಸುವ ಹಾರ್ಮೋನಾದ ಟಿಎಸ್‌ಎಚ್ ಹೆಚ್ಚಿಸುತ್ತದೆ. ಕಚ್ಚಾವಸ್ತುವಿಲ್ಲದೆಯೂ ದುಡಿಯಬೇಕಾದ ಥೈರಾಯ್ಡ್ ಊದಿಕೊಳ್ಳುತ್ತದೆ. ಇದೇ ಗಳಗಂಡ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿದ್ದರೆ ‘ಥೈರಾಯ್ಡ್ ಜಾಸ್ತಿಯಾಗಿದೆ’ ಎಂದುಕೊಳ್ಳುವವರೇ ಬಹಳ. ಸಾಮಾನ್ಯವಾಗಿ ಅದು ಕಡಿಮೆಯಾಗಿದೆ ಎಂದೇ ಅರ್ಥ.

ಹಿಮಾಲಯದ ತಪ್ಪಲಿನ ಮಣ್ಣಿನಲ್ಲಿದ್ದ ಅಯೋಡಿನ್ ಮಳೆ, ಹಿಮದ ನೀರಿಗೆ ತೊಳೆದುಹೋಗಿದೆ. ಅಲ್ಲಿನ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಆರಂಭವಾದ ಅಧ್ಯಯನದಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಡುಗೆ ಉಪ್ಪಿಗೆ ಅಯೋಡಿನ್ ಸೇರಿಸಿ ನೋಡಿದರು. ಕೆಲವೇ ವರ್ಷಗಳಲ್ಲಿ ಶಾಲಾಮಕ್ಕಳಲ್ಲಿ ಗಳಗಂಡ ಬಹುಮಟ್ಟಿಗೆ ತಗ್ಗಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು.

ವಯಸ್ಕರಿಗೆ ದಿನಕ್ಕೆ ಬೇಕಾಗುವ ಅಯೋಡಿನ್ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಉಪ್ಪಿನ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ: ತೇವ, ಬಿಸಿಲಿಗೆ ಅಯೋಡಿನ್ ಹಾರಿಹೋಗುತ್ತದೆ.