ದೂರದರ್ಶನ ವಿತರಣೆ : ಏಕಮುಖ ಪ್ರಸಾರದಾಚೆ

ದೃಶ್ಯವನ್ನೂ ಧ್ವನಿಯನ್ನೂ ಪ್ರಸಾರಕೇಂದ್ರದಿಂದ ಪ್ರೇಕ್ಷಕನ ಮನೆಗೆ ಮುಟ್ಟಿಸುವ ವ್ಯವಸ್ಥೆಗೆ ದೂರದರ್ಶನ ವಿತರಣೆಯೆಂದು ಹೆಸರು. ಆರಂಭದಲ್ಲಿ ಇದು ಏಕಮುಖವಾಗಿದ್ದಿತು. ಕೇಂದ್ರವು ಕಳುಹಿದುದನ್ನು ಕಳುಹಿದ ಹೊತ್ತಿನಲ್ಲಿಯೇ ನೋಡಬೇಕಲ್ಲದೆ ಪ್ರೇಕ್ಷಕನಿಗೆ ಅನ್ಯಮಾರ್ಗವಿರಲಿಲ್ಲ. ಈ ಸ್ಥಿತಿ ಮಾರ್ಪಟ್ಟ ಬಗೆಗೆ ಪುಣೆ ಒಂದು ಒಳ್ಳೆಯ ನಿದರ್ಶನ.

1972ರ ಅಕ್ಟೋಬರ್ 2ರಂದು ಮುಂಬಯಿ ಕೇಂದ್ರವು ಕಾರ್ಯಾರಂಭ ಮಾಡಿದಾಗ ಅದಕ್ಕೂ ಪುಣೆಗೂ ನಡುವೆ ಸಹ್ಯಾದ್ರಿ ಅಡ್ಡಲಾಗಿ ನಿಂತಿದ್ದಿತು. ದೂರದರ್ಶನದ ಅಲೆಗಳು ಬಹುಮಟ್ಟಿಗೆ ಸರಳರೇಖೆಯಲ್ಲಿಯೇ ಸಾಗುವುವಾದ್ದರಿಂದ, ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದ, ಪುಣೆಯ ಸಮೀಪದ ಸಿಂಹಗಡ ಕೋಟೆಯ ಮೇಲೆ ಗೋಪುರವನ್ನು ನಿಲ್ಲಿಸಿ ಮುಂಬಯಿಯ ಕಾರ್ಯಕ್ರಮಗಳನ್ನು ಪುಣೆಗೆ ಮರುಪ್ರಸಾರ ಮಾಡಬೇಕಾಯಿತು. 1670ರಲ್ಲಿ ಮರಾಠ ಸೇನಾನಿ ತಾನಾಜಿ ಮಾಲುಸರೆ ಪ್ರಾಣವಿತ್ತು ಗೆದ್ದ ಆ ದುರ್ಗವನ್ನು ಭಾನುವಾರ ಪಿಠಲ-ಭಾಕರಿಯ ಊಟದ ಆಸೆಯಿಂದ ಹತ್ತುವವರಲ್ಲಿ ಆ ಗೋಪುರವನ್ನು ತಲೆಯೆತ್ತಿ ನೋಡುವವರು ವಿರಳ.

ಅನಂತರ ಕೇಬಲ್ ಬಂದಿತು. ವಾಹಿನಿಗಳು ಹೆಚ್ಚಿದವಾದರೂ ಆಯ್ಕೆ ಮಾತ್ರ ಕೇಬಲ್‌ನವನದೇ. ಪುಣೆಯ ಕನ್ನಡಿಗರ ಮನೆಗೆ ಕನ್ನಡ ವಾಹಿನಿ ಬರುವುದೂ ಬಾರದಿರುವುದೂ ಅವನ ದಾಕ್ಷಿಣ್ಯವನ್ನು ಅವಲಂಬಿಸಿದ್ದಿತು. ಕೇಬಲ್ ಜಾಲವನ್ನು ಡಿಜಿಟಲ್ ಮಾಡುವ ಯೋಜನೆಯ ಎರಡನೆಯ ಹಂತದ 38 ನಗರಗಳಲ್ಲಿ ಬೆಂಗಳೂರು, ಮೈಸೂರುಗಳೊಡನೆ ಪುಣೆಯೂ ಸೇರಿ, 2013ರ ಮಾರ್ಚ್ 31 ಗಡುವಾಗಿ ಗೊತ್ತಾಯಿತು. ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಬಂದಿತು. 2019ರಲ್ಲಿ ಜಾರಿಗೆ ಬಂದ ಹೊಸ ದರವ್ಯವಸ್ಥೆಯಲ್ಲಿ 100 ವಾಹಿನಿಗಳಿಗೆ ತೆರಿಗೆ ಬಿಟ್ಟು 130 ರೂಪಾಯಿಯ ಜಾಲಶುಲ್ಕವನ್ನು ಮೇರೆಯಾಗಿ ನಿಗದಿಮಾಡಿ, ಬೇಕಾದ ವಾಹಿನಿಯನ್ನು ಆರಿಸಿಕೊಳ್ಳುವ ಹಕ್ಕನ್ನು ಚಂದಾದಾರನಿಗೆ ಕೊಡಲಾಯಿತು. ಅದು ಪಟ್ಟಿಯಲ್ಲಿ ಗುರುತು ಹಾಕುವ ಹಕ್ಕೇ ಹೊರತು ನಿಜವಾದ ಸಂವಾದವಲ್ಲ.

ಸಂವಾದವು ಕೈಗೂಡಿದ್ದು ಅಂತರಜಾಲದಿಂದ. ಇಲ್ಲಿ ಪ್ರೇಕ್ಷಕನ ಕೋರಿಕೆ ಹಿಂದಿರುಗಿ ಹೋಗುವುದಕ್ಕೂ ದಾರಿಯುಂಟು. ಬೇಕಾದುದನ್ನು ಬೇಕಾದಾಗ ನೋಡಬಹುದು, ನಡುವೆ ನಿಲ್ಲಿಸಬಹುದು. ಸಾರ್ವಜನಿಕ ಪ್ರಸಾರಸಂಸ್ಥೆಯಾದ ಪ್ರಸಾರಭಾರತಿಯೇ 2024ರ ನವೆಂಬರ್ 20ರಂದು ವೇವ್ಸ್ ಎಂಬ ಇಂತಹ ಸೇವೆಯನ್ನು ಆರಂಭಿಸಿತು. ಆದರೆ ಇದಕ್ಕೆ ತೆರಬೇಕಾದ ಬೆಲೆಯನ್ನು ಉತ್ಸಾಹಿಗಳು ಮರೆಯುವುದುಂಟು. ಸಿಂಹಗಡದ ಗೋಪುರಕ್ಕೆ ಹತ್ತು ಮನೆಯಾದರೂ ಒಂದೇ, ಹತ್ತು ಲಕ್ಷ ಮನೆಯಾದರೂ ಒಂದೇ. ಅಂತರಜಾಲವಾದರೋ ಸಾಮಾನ್ಯವಾಗಿ ಒಬ್ಬೊಬ್ಬ ಪ್ರೇಕ್ಷಕನಿಗೂ ಬೇರೆ ಬೇರೆ ಧಾರೆಯನ್ನು ಹರಿಸಬೇಕಾಗಿ, ಕ್ರಿಕೆಟ್ ಪಂದ್ಯದ ರಾತ್ರಿ ಜಾಲದ ಭಾರವು ನೋಡುವವರ ಸಂಖ್ಯೆಯೊಡನೆಯೇ ಏರುತ್ತದೆ.

ಆದುದರಿಂದ ಗೋಪುರದ ಕಾಲ ಮುಗಿಯಿತೆನ್ನುವುದು ಆತುರದ ಮಾತು. ಎಲ್ಲರೂ ಏಕಕಾಲಕ್ಕೆ ನೋಡುವುದನ್ನು ಗೋಪುರದಿಂದಲೂ, ಒಬ್ಬೊಬ್ಬರು ಕೇಳುವುದನ್ನು ಜಾಲದಿಂದಲೂ ಕೊಡುವ ಮಿಶ್ರಪದ್ಧತಿಯೇ ಯುಕ್ತವಾದುದು. ಜಾಲದ ನೆರವಿಲ್ಲದೆ ನೇರವಾಗಿ ಮೊಬೈಲಿಗೆ ಪ್ರಸಾರ ಮಾಡುವ ಪದ್ಧತಿ ಈ ದಿಕ್ಕಿನದು. ಐಐಟಿ ಕಾನ್ಪುರ, ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಮೊದಲಾದ ಸಂಸ್ಥೆಗಳು ಇದರಲ್ಲಿ ತೊಡಗಿದ್ದು, 2023ರಲ್ಲಿ ಬೆಂಗಳೂರು, ದೆಹಲಿ, ನೊಯ್ಡಾಗಳಲ್ಲಿ ಪ್ರಯೋಗಗಳು ನಡೆದುವು. ಈ ಅಲೆಗಳನ್ನು ಹಿಡಿಯಲು ಫೋನಿನೊಳಗೆ ಪ್ರತ್ಯೇಕವಾದ ಚಿಪ್ ಇರಬೇಕು. ಸಾಮಾನ್ಯವಾಗಿ ಪೇಟೆಯಲ್ಲಿ ಮಾರುವ ಫೋನುಗಳಲ್ಲಿ ಅದಿಲ್ಲ.