ಕಾರಿನ ಸ್ಪೀಕರ್: ವ್ಯಾಟ್ ಹೆಚ್ಚಿದ್ದರೆ ಸೌಂಡ್ ಚೆನ್ನಾಗಿರುತ್ತದೆಯೇ?

'ಜಾಸ್ತಿ ವ್ಯಾಟ್ ಇರೋ ಸ್ಪೀಕರ್ ಹಾಕಿಸಿ, ಸೌಂಡ್ ತಾನಾಗೇ ಸೂಪರ್ ಆಗುತ್ತೆ.' ಹೊಸ ಕಾರು ಕೊಂಡವರಿಗೆ ಈ ಸಲಹೆ ಸಿಗದೇ ಇರುವುದಿಲ್ಲ. ಇದು ಎಷ್ಟು ನಿಜ? ಕಾಂಪೊನೆಂಟ್ ಸ್ಪೀಕರ್ ಹಾಕಿಸುವಾಗ ನಿಜಕ್ಕೂ ಗಮನಿಸಬೇಕಾದ್ದೇನು? ಇಲ್ಲಿ ವಿವರಿಸಿದ್ದೇವೆ.

ಚುಟುಕು ಉತ್ತರ: ಡಬ್ಬದ ಮೇಲಿನ ವ್ಯಾಟ್ ಸಂಖ್ಯೆಗಿಂತ ಸ್ಪೀಕರ್ ಕೂರಿಸುವ ರೀತಿ ಮುಖ್ಯ. ಅದಕ್ಕಿಂತ ಮುಖ್ಯವಾದದ್ದು ವೈರಿಂಗ್. ಅದರಲ್ಲಿ ತಪ್ಪಾದರೆ ಕಾರಿಗೆ ಬೆಂಕಿಯೂ ಬೀಳಬಹುದು.

ಕಾಂಪೊನೆಂಟ್ ಸ್ಪೀಕರ್ ಎಂದರೇನು?

ಸಾಮಾನ್ಯ ಕೋಆಕ್ಸಿಯಲ್ ಸ್ಪೀಕರ್‌ನಲ್ಲಿ ದೊಡ್ಡ ಕೋನಿನ ನಡುವೆಯೇ ಚಿಕ್ಕ ಟ್ವೀಟರ್ ಇರುತ್ತದೆ. ಕಾಂಪೊನೆಂಟ್ ಸೆಟ್‌ನಲ್ಲಿ ಇವು ಬೇರೆ ಬೇರೆ. ವೂಫರ್ ಬಾಗಿಲಿನಲ್ಲಿ, ಟ್ವೀಟರ್ ಮೇಲೆ ಡ್ಯಾಶ್‌ಬೋರ್ಡ್ ಹತ್ತಿರ. ಎರಡಕ್ಕೂ ಧ್ವನಿ ಹಂಚುವುದು ಕ್ರಾಸೋವರ್. ಅದರಲ್ಲಿರುವ ಕೆಪಾಸಿಟರ್ ತಗ್ಗು ಸ್ವರಗಳು ಟ್ವೀಟರ್‌ಗೆ ಹೋಗದಂತೆ ತಡೆದರೆ, ಕಾಯಿಲ್ ಎತ್ತರದ ಸ್ವರಗಳು ವೂಫರ್‌ಗೆ ಹೋಗದಂತೆ ತಡೆಯುತ್ತದೆ.

ಬೇರ್ಪಡಿಸುವುದೇಕೆ? 100 ಹರ್ಟ್ಸ್‌ನ ಡೋಲಿನ ಶಬ್ದದ ಅಲೆ ಸುಮಾರು 3.4 ಮೀಟರ್ ಉದ್ದ. ಕಾಲು, ಸೀಟು ಅಡ್ಡವಿದ್ದರೂ ಬಳಸಿಕೊಂಡು ಬರುತ್ತದೆ. 10,000 ಹರ್ಟ್ಸ್‌ನ ತಾಳದ ಕಿಣಿಕಿಣಿಯ ಅಲೆ ಬರೀ 3.4 ಸೆಂಟಿಮೀಟರ್. ಅದಕ್ಕೆ ನಿಮ್ಮ ಮೊಣಕಾಲೇ ಗೋಡೆ. ಹಾಗಾಗಿ ಟ್ವೀಟರ್ ಕಿವಿಯ ಕಡೆಗೆ, ಎತ್ತರದಲ್ಲಿರಬೇಕು.

ವ್ಯಾಟ್ ಲೆಕ್ಕದ ಅಸಲಿಯತ್ತು

ಸ್ಟೀರಿಯೊ ಡಬ್ಬದ ಮೇಲೆ '50 ವ್ಯಾಟ್ x 4' ಎಂದಿರುವುದು ಸಾಮಾನ್ಯ. ಆದರೆ ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಹೆಚ್ಚಿನ ಕಾರ್ ಸ್ಪೀಕರ್‌ಗಳು 4 ಓಮ್‌ನವು. ಈ ವೋಲ್ಟೇಜಿನಲ್ಲಿ ಸ್ಟೀರಿಯೊ ಒಂದು ಸ್ಪೀಕರ್‌ಗೆ ಒಡೆಯದ ಧ್ವನಿಯಲ್ಲಿ ಕೊಡಬಹುದಾದ ಗರಿಷ್ಠ ಶಕ್ತಿ 14 x 14 ÷ 8, ಅಂದರೆ ಸುಮಾರು 25 ವ್ಯಾಟ್. ಬಳಕೆಯಲ್ಲಿ ಇನ್ನೂ ಕಡಿಮೆ. ಅದಕ್ಕಿಂತ ಹೆಚ್ಚು ಬೇಕಿದ್ದರೆ ವೋಲ್ಟೇಜ್ ಏರಿಸಿಕೊಳ್ಳುವ ಪ್ರತ್ಯೇಕ ಆಂಪ್ಲಿಫೈಯರ್ ಬೇಕು. 'ಪೀಕ್' ಅಥವಾ 'ಮ್ಯಾಕ್ಸ್' ಎಂದು ಬರೆದದ್ದನ್ನು ಬಿಡಿ, 'ಆರ್‌ಎಂಎಸ್' ವ್ಯಾಟ್ ನೋಡಿ.

ಇನ್ನೊಂದು ವಿಷಯ: ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. ಏರುವುದು 3 ಡೆಸಿಬೆಲ್ ಮಾತ್ರ. ನಮ್ಮ ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು.

ಬಾಗಿಲೇ ಸ್ಪೀಕರ್ ಪೆಟ್ಟಿಗೆ

ಕೋನ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ಎಳೆಯುತ್ತದೆ. ಬಾಗಿಲಿನ ಒಳತಗಡಿನ ತೂತುಗಳ ಮೂಲಕ ಹಿಂದಿನ ಅಲೆ ಮುಂದಿನದನ್ನು ಸೇರಿದರೆ ಒಂದನ್ನೊಂದು ಅಳಿಸಿ, ಬೇಸ್ ಕುಗ್ಗುತ್ತದೆ. ಅದಕ್ಕೇ ಆ ತೂತುಗಳನ್ನು ಬ್ಯುಟೈಲ್ ಶೀಟ್ ಅಂಟಿಸಿ ಮುಚ್ಚುತ್ತಾರೆ. ಆದರೆ ಬಾಗಿಲಿನ ಅಡಿಯ ನೀರು ಹರಿಯುವ ಕಂಡಿಗಳನ್ನು ಮುಚ್ಚಬಾರದು. ಮುಚ್ಚಿದರೆ ಮಳೆನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಒಂದು ಕಡೆಯ ಸ್ಪೀಕರ್‌ಗೆ ಪ್ಲಸ್-ಮೈನಸ್ ಅದಲುಬದಲಾದರೂ ಎರಡೂ ಬದಿಯ ಬೇಸ್ ಹೀಗೇ ಒಂದನ್ನೊಂದು ಅಳಿಸುತ್ತದೆ.

ಅಪಾಯ ಎಲ್ಲಿದೆ?

ಒಂದು, ಫ್ಯೂಸ್. ಆಂಪ್ಲಿಫೈಯರ್‌ಗೆ ನೇರ ಬ್ಯಾಟರಿಯಿಂದ ದಪ್ಪ ವೈರ್ ಎಳೆಯುತ್ತಾರೆ. 'ಆಂಪ್ಲಿಫೈಯರ್‌ನಲ್ಲೇ ಫ್ಯೂಸ್ ಇದೆ, ಸಾಕು' ಎಂಬುದು ತಪ್ಪು. ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು, ವೈರನ್ನಲ್ಲ. ಕಾರಿನ ಇಡೀ ಬಾಡಿಯೇ ಬ್ಯಾಟರಿಯ ಮೈನಸ್. ಎಂಜಿನ್ ಭಾಗದಿಂದ ಒಳಗೆ ಬರುವಲ್ಲಿ ತಗಡಿನ ಅಂಚಿಗೆ ಉಜ್ಜಿ ವೈರಿನ ಪ್ಲಾಸ್ಟಿಕ್ ಸವೆದರೆ ನೂರಾರು ಆಂಪಿಯರ್ ಹರಿದು ವೈರ್ ಕೆಂಪಗೆ ಕಾಯುತ್ತದೆ. ಆದ್ದರಿಂದ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ, ವೈರಿನ ದಪ್ಪಕ್ಕೆ ತಕ್ಕ ಇನ್ನೊಂದು ಫ್ಯೂಸ್ ಇರಲೇಬೇಕು. ವೈರ್ ತಗಡನ್ನು ದಾಟುವ ತೂತಿಗೆ ರಬ್ಬರ್ ಬಳೆ ಬೇಕು.

ಎರಡು, ಏರ್‌ಬ್ಯಾಗ್. ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗೂ ಅದರ ಭಾಗಗಳಿರಬಹುದು. ಅಲ್ಲಿ ಕೊರೆದು ಟ್ವೀಟರ್ ಕೂರಿಸಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿಯಾಗಬಹುದು, ಟ್ವೀಟರ್ ಸಿಡಿದು ಮುಖಕ್ಕೂ ಬಡಿಯಬಹುದು. ಕಂಪನಿಯೇ ಟ್ವೀಟರ್‌ಗೆಂದು ಬಿಟ್ಟಿರುವ ಜಾಗ ಬಳಸಿ.

ಮೂರು, ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧವಾಗುತ್ತದೆ. 89 ಡೆಸಿಬೆಲ್‌ಗೆ ಉಳಿಯುವುದು ವಾರಕ್ಕೆ 5 ಗಂಟೆ. ಹಿಂದಿನ ಆಂಬುಲೆನ್ಸ್ ಸೈರನ್ ಕೇಳಿಸದಷ್ಟು ಜೋರಾಗಿ ಹಾಡು ಹಾಕಿದರೆ ಅಪಾಯ ನಿಮ್ಮೊಬ್ಬರಿಗೇ ಅಲ್ಲ.

ಅಂಗಡಿಯಲ್ಲಿ ಕೇಳಬೇಕಾದ 5 ಪ್ರಶ್ನೆಗಳು

ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ನಿಮ್ಮೂರಿನ ಆಕ್ಸೆಸರೀಸ್ ಅಂಗಡಿಯಿರಲಿ, ಇಷ್ಟನ್ನು ಕೇಳಿ:

1. ಬ್ಯಾಟರಿ ಹತ್ತಿರ ಫ್ಯೂಸ್ ಹಾಕುತ್ತೀರಾ? ಎಷ್ಟು ಆಂಪಿಯರ್‌ನದು?
2. ಕಾರಿನ ಮೂಲ ವೈರ್ ಕತ್ತರಿಸದೆ ಕಪ್ಲರ್ ಬಳಸುತ್ತೀರಾ?
3. ಗಾಜು ಪೂರ್ತಿ ಇಳಿಸಿದಾಗ ವೂಫರ್‌ನ ಮ್ಯಾಗ್ನೆಟ್‌ಗೆ ತಾಗುವುದಿಲ್ಲವೇ?
4. ಕ್ರಾಸೋವರ್‌ಗೆ ಮಳೆನೀರು ತಾಗದ ಜಾಗ ಯಾವುದು?
5. ಟ್ವೀಟರ್ ಏರ್‌ಬ್ಯಾಗ್ ದಾರಿಯಲ್ಲಿಲ್ಲ ತಾನೇ?

ತೀರ್ಮಾನ: 'ವ್ಯಾಟ್ ಹೆಚ್ಚಿದ್ದರೆ ಸೌಂಡ್ ಚೆನ್ನ' ಎಂಬುದು ದಾರಿ ತಪ್ಪಿಸುವ ಮಾತು. ಫಾರ್ವರ್ಡ್ ಮಾಡುವುದಾದರೆ ಈ ಐದು ಪ್ರಶ್ನೆಗಳನ್ನು ಮಾಡಿ. ಈಗಾಗಲೇ ಆಂಪ್ಲಿಫೈಯರ್ ಹಾಕಿಸಿದ್ದರೆ ಇವತ್ತೇ ಬಾನೆಟ್ ಎತ್ತಿ, ಬ್ಯಾಟರಿ ಹತ್ತಿರ ಫ್ಯೂಸ್ ಇದೆಯೇ ನೋಡಿ.