ಹೇರಿನ ಸುಂಕದಿಂದ ಲಾರಿಯ ತೆರಿಗೆಯವರೆಗೆ

ಕರ್ನಾಟಕದ ವಾಣಿಜ್ಯ ಚರಿತ್ರೆಯಲ್ಲಿ ವರ್ತಕನ ಹೆಸರು ದೊಡ್ಡದಾಗಿ ಕಾಣುತ್ತದೆ. ಅವನ ಸರಕನ್ನು ಹೊತ್ತು ತಂದವನ ಹೆಸರು ಕಾಣುವುದು ಅಪರೂಪ. ಆದರೂ ಸುಂಕದ ಲೆಕ್ಕವೆಲ್ಲ ನಿಂತಿದ್ದುದು ಹೊರುವವನ ಅಳತೆಯ ಮೇಲೆಯೇ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳು ಮತ್ತೆ ಮತ್ತೆ ಬರುತ್ತವೆ. ಎತ್ತಿನ ಹೇರಿಗೆ ಇಷ್ಟು, ಬಂಡಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ದರವನ್ನು ಗೊತ್ತುಮಾಡುವುದು ಅಂದಿನ ರೂಢಿಯಾಗಿತ್ತು.

ಈ ದರಗಳಲ್ಲಿ ಒಂದು ಪಾಲು ಧರ್ಮಕಾರ್ಯಕ್ಕೂ ಸಲ್ಲುತ್ತಿತ್ತು. ಕ್ರಿ.ಶ. 1204ರಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆಯಲ್ಲಿ, ಬೆಳಗಾವಿಯ ರಟ್ಟ ಜಿನಾಲಯಕ್ಕೆ ನಾಡಿನ ವರ್ತಕರೊಂದಿಗೆ ಲಾಳ ಮತ್ತು ಮಲೆಯಾಳದ ವರ್ತಕರೂ ಕೂಡಿ ತಮ್ಮ ಸರಕಿನ ಮೇಲೆ ಆಯವನ್ನು ಬಿಟ್ಟುಕೊಟ್ಟರು. ಯಾವ ಸರಕಿಗೆ ಎಷ್ಟು ಎಂಬುದನ್ನು ಕಲ್ಲಿನ ಮೇಲೆ ಬರೆಸಿದರು. ಓದಬಲ್ಲವರೆಲ್ಲರೂ ಓದಬಹುದಾದ ದರ ಅದು. ಕೊಡುವವನಿಗೂ ಕೊಳ್ಳುವವನಿಗೂ ಅದರಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ.

ಶ್ರಾವಕಾಚಾರವು ಈ ವ್ಯವಹಾರವನ್ನು ಬಹು ಸೂಕ್ಷ್ಮವಾಗಿ ಕಂಡಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರಾಣಿಯ ಮೇಲೆ ಅತಿಭಾರವನ್ನು ಹೇರುವುದು ಅಹಿಂಸಾಣುವ್ರತದ ಅತಿಚಾರವೆಂದು ಎಣಿಸಲ್ಪಟ್ಟಿದೆ. ವಿರುದ್ಧರಾಜ್ಯಾತಿಕ್ರಮವೂ, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದೂ ಅಚೌರ್ಯಾಣುವ್ರತದ ಅತಿಚಾರಗಳು. ಹೀಗೆ ಹೇರಿನ ಭಾರ, ಹೇರಿನ ಅಳತೆ, ಹೇರಿನ ಸುಂಕ ಮೂರೂ ವ್ರತದ ಪರಿಧಿಯೊಳಗೆ ಬಂದವು.

ಎತ್ತಿನ ಸ್ಥಾನಕ್ಕೆ ಲಾರಿ ಬಂದ ಕಾಲವನ್ನು ಕಾಣಲು ಬೆಂಗಳೂರಿನ ಜಾಲಹಳ್ಳಿ ಒಳ್ಳೆಯ ನಿದರ್ಶನ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದವು. ಮುಂದೆ ಪಕ್ಕದ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳು ಸಾಲುಗಟ್ಟಿದವು. ತುಮಕೂರು ರಸ್ತೆಯ ಬದಿಯಲ್ಲಿ ಒಂದೇ ಲಾರಿಯನ್ನು ನೆಚ್ಚಿ ಬಾಳುವ ಸ್ವಂತ ದುಡಿಮೆಯ ಸಾಗಣೆದಾರರು ನೆಲೆಗೊಂಡರು.

ಇವರ ಬಾಡಿಗೆಗೆ ತೆರಿಗೆ ಬಂದ ಬಗೆ ವಿಚಿತ್ರವಾದುದು. 1957ರ ಮಾರಾಟ ತೆರಿಗೆಯಾಗಲಿ, 1979ರ ಪ್ರವೇಶ ತೆರಿಗೆಯಾಗಲಿ ಸರಕಿಗೆ ಸಂಬಂಧಿಸಿದ್ದವು. 1997ರ ನವೆಂಬರಿನಲ್ಲಿ ಕೇಂದ್ರವು ಸರಕು ಸಾಗಣೆಗೆ ಸೇವಾ ತೆರಿಗೆ ವಿಧಿಸಿ, ಅದನ್ನು ಕಟ್ಟುವ ಹೊಣೆಯನ್ನು ಬಾಡಿಗೆ ಕೊಡುವವನ ಮೇಲೆ ಹೊರಿಸಿತು. 1998ರ ಜೂನ್‌ನಲ್ಲಿ ಆ ತೆರಿಗೆ ನಿಂತಿತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಘು ಉದ್ಯೋಗ ಭಾರತಿ ಪ್ರಕರಣದಲ್ಲಿ ಆ ಹೊಣೆಗಾರಿಕೆಯನ್ನು ಅಸಿಂಧುಗೊಳಿಸಿತು. 2000ದಲ್ಲಿ ಸಂಸತ್ತು ಪೂರ್ವಾನ್ವಯವಾಗಿ ಕಾನೂನನ್ನೇ ತಿದ್ದಿತು. 2005ರ ಜನವರಿ 1ರಿಂದ ಸೇವಾ ತೆರಿಗೆ ಬಾಡಿಗೆಯ ನಾಲ್ಕನೆಯ ಒಂದು ಭಾಗದ ಮೇಲೆ ಮರಳಿ ಬಂದಿತು. ಅದೇ ವರ್ಷ ಏಪ್ರಿಲ್ 1ರಂದು ಕರ್ನಾಟಕದಲ್ಲಿ ವ್ಯಾಟ್ ಜಾರಿಯಾಯಿತು. ನೂರಕ್ಕೆ 4, ನೂರಕ್ಕೆ 12.5 ಎಂಬ ಅದರ ದರಗಳು ಸರಕಿನ ಮಾರಾಟಕ್ಕೆ ಸೇರಿದವು. ಆದಕಾರಣ ‘ನನ್ನ ಬಾಡಿಗೆಗೆ ಯಾವ ವ್ಯಾಟ್ ದರ?’ ಎಂದು ಲಾರಿಯವನು ಕೇಳಿದರೆ, ಪ್ರಶ್ನೆಯೇ ತಪ್ಪು ಬಾಗಿಲನ್ನು ತಟ್ಟುತ್ತಿತ್ತು.

2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., ಇವೆಲ್ಲಕ್ಕೂ ಬದಲಾಗಿ ಬಂದಿತು. ಆದರೂ ಲಾರಿಯವನ ಸಮಸ್ಯೆ ಮುಗಿಯಲಿಲ್ಲ. ಪೀಣ್ಯದ ನೋಂದಾಯಿತ ಕಾರ್ಖಾನೆಯೊಂದರ ಯಂತ್ರಭಾಗಗಳನ್ನು ಹೊಸೂರಿಗೆ ಒಯ್ಯಲು 10,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳೋಣ. ಲಾರಿಯ ಮಾಲೀಕನು ಬಿಲ್ಟಿ ಬರೆಯದೆ ಸರಕನ್ನು ಸಾಗಿಸಿದರೆ, ಅಥವಾ ತನ್ನ ಲಾರಿಯನ್ನು ಸಾಗಣೆ ಏಜೆನ್ಸಿಗೆ ಬಾಡಿಗೆಗೆ ಬಿಟ್ಟರೆ, ಅವನ ಸೇವೆಗೆ ತೆರಿಗೆಯಿಲ್ಲ. ಅವನೇ ಬಿಲ್ಟಿ ಬರೆದು ಸರಕಿನ ಹೊಣೆ ಹೊತ್ತರೆ ಕಾನೂನಿನ ದೃಷ್ಟಿಯಲ್ಲಿ ಅವನೇ ಏಜೆನ್ಸಿ. ಆಗ ಬೇರೆ ಆಯ್ಕೆ ಸಲ್ಲಿಸದಿದ್ದರೆ ನೂರಕ್ಕೆ 5ರಂತೆ 500 ರೂಪಾಯಿಯನ್ನು ಬಾಡಿಗೆ ಕೊಡುವ ಕಾರ್ಖಾನೆಯೇ ಸರ್ಕಾರಕ್ಕೆ ಕಟ್ಟಬೇಕು. ತಾನು ಕೊಂಡ ಟೈರು, ಬಿಡಿಭಾಗಗಳ ತೆರಿಗೆಯನ್ನು ವಜಾ ಮಾಡಿಕೊಳ್ಳಲು ಬಯಸುವ ಏಜೆನ್ಸಿಯು ನೂರಕ್ಕೆ 12ರ ದರವನ್ನು ಆರಿಸಿಕೊಳ್ಳಬಹುದಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ಆ ದರ 18 ಆಗಿದೆ. ಡೀಸೆಲ್ ಜಿ.ಎಸ್.ಟಿ.ಯ ಹೊರಗೇ ಇರುವುದರಿಂದ ಒಂಟಿ ಲಾರಿಯವನಿಗೆ ಈ ವಜಾದ ಲಾಭ ಅಲ್ಪ.

ಲಾರಿ ಒಂದೇ, ದಾರಿ ಒಂದೇ, ಬಾಡಿಗೆಯೂ ಒಂದೇ. ತೆರಿಗೆ ಮಾತ್ರ ಸೊನ್ನೆ, 500 ಅಥವಾ 1,800. ದರವನ್ನು ನಿರ್ಣಯಿಸುವುದು ಕಾಗದದಲ್ಲಿ ಬರೆದ ಸತ್ಯ: ಹೊಣೆ ಯಾರದು, ಯಾರಿಗಾಗಿ, ಯಾವ ಆಯ್ಕೆಯಂತೆ. ಇಲ್ಲಿಯೇ ಅಚೌರ್ಯದ ಪರೀಕ್ಷೆ. ಸಲ್ಲಬೇಕಾದ ತೆರಿಗೆಯನ್ನು ತಪ್ಪಿಸಲು ಬಿಲ್ಟಿಯನ್ನು ಮರೆಮಾಚುವುದು ಒಂದು ದೋಷ. ಸಲ್ಲದ ತೆರಿಗೆಯನ್ನು ಬಿಲ್ಲಿನಲ್ಲಿ ಕಾಣಿಸಿ, ವಸೂಲು ಮಾಡಿ, ತನ್ನಲ್ಲೇ ಇರಿಸಿಕೊಳ್ಳುವುದು ಅದಕ್ಕಿಂತ ಕಿರಿದಲ್ಲದ ದೋಷ. ತೆರಿಗೆಯೆಂದು ಪಡೆದ ಹಣವನ್ನು, ತೆರಿಗೆ ಸಲ್ಲಲಿ ಸಲ್ಲದಿರಲಿ, ಸರ್ಕಾರಕ್ಕೆ ಒಪ್ಪಿಸಲೇಬೇಕೆಂದು ಇಂದಿನ ಕಾನೂನೂ ವಿಧಿಸುತ್ತದೆ. ಕೊಡದ ವಸ್ತುವನ್ನು ತೆಗೆದುಕೊಳ್ಳುವುದು ಹೇಗೆ ಅದತ್ತಾದಾನವೋ, ತಪ್ಪು ಹೆಸರಿನಲ್ಲಿ ಕೊಡಿಸಿಕೊಂಡು ಇಟ್ಟುಕೊಳ್ಳುವುದೂ ಅದರ ಸಮೀಪದ್ದೇ.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿಚಾರ ದೂರದ್ದಲ್ಲ. ಜೀರ್ಣೋದ್ಧಾರಕ್ಕೆ ಕಲ್ಲು, ಮರ, ಸಿಮೆಂಟು ಲಾರಿಯಲ್ಲಿಯೇ ಬರುತ್ತವೆ. ನೋಂದಾಯಿತ ಸಂಘವಾಗಿರುವ ಮಂಡಳಿಯು ಏಜೆನ್ಸಿಯ ಬಿಲ್ಟಿಗೆ ಬಾಡಿಗೆ ಕೊಟ್ಟಾಗ, ಆ ನೂರಕ್ಕೆ 5ನ್ನು ಕಟ್ಟುವ ಹೊಣೆ ಮಂಡಳಿಯದೇ ಆಗಬಹುದು. ಲಾರಿಯವನ ಮೇಲೆ ಅದನ್ನು ಹೊರಿಸಿ ಅವನ ಬಾಡಿಗೆಯಲ್ಲಿ ಮುರಿದುಕೊಳ್ಳುವುದು ಧರ್ಮವಲ್ಲ. ಸರಕು ಇಳಿಸುವ ಮುನ್ನ ಬಿಲ್ಟಿ ಯಾರದೆಂದು ಕೇಳಿ, ದರವನ್ನು ತಿಳಿದು, ಲೆಕ್ಕದ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಬೆಳಗಾವಿಯ ವರ್ತಕರು ಕಲ್ಲಿನಲ್ಲಿ ಬರೆಸಿದ್ದನ್ನು ಇಂದಿನವರು ಕಾಗದದಲ್ಲಾದರೂ ಉಳಿಸಿಕೊಳ್ಳುವುದು ಯುಕ್ತ.